ಅಧಿಕಾರಿಯ ಹೆಬ್ಬೆಟ್ಟು

ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯಲ್ಲಿ ಕಳ್ಳಂಬೆಳ್ಳವೆಂಬ ಹೆಸರನ್ನು ಮೊದಲ ಸಲ ಓದುವ ಪ್ರಯಾಣಿಕರು ಮುಗುಳುನಕ್ಕು ಮುಂದೆ ಸಾಗುವುದುಂಟು. ಹೆಸರಿನ ಮೊದಲ ಎರಡು ಅಕ್ಷರಗಳಲ್ಲಿಯೇ ಕಳ್ಳನೊಬ್ಬ ಅಡಗಿ ಕುಳಿತಿದ್ದಾನೆಂಬುದು ಅವರ ವಿನೋದ. ವ್ಯುತ್ಪತ್ತಿಯ ವಿಚಾರವನ್ನು ಬಲ್ಲವರಿಗೆ ಬಿಡೋಣ. ಊರಿನವರಿಗೆ ಕಳ್ಳಂಬೆಳ್ಳವೆಂದರೆ ಮೊದಲು ನೆನಪಾಗುವುದು ಕೆರೆ. ಮಳೆಯನ್ನೇ ನಂಬಿ ಶೇಂಗಾ, ರಾಗಿ ಬಿತ್ತುವ ಈ ಬಯಲು ಸೀಮೆಯಲ್ಲಿ ಹೇಮಾವತಿ ನಾಲೆಯ ನೀರು ಆ ಕೆರೆಗೆ ಬಂದು, ಅಲ್ಲಿಂದ ಶಿರಾದ ಕೆರೆಗೆ ಹರಿಯುವಂತಾದುದು ಇಲ್ಲಿಯ ಜನರ ಬಾಳಿನಲ್ಲಿ ಒಂದು ದೊಡ್ಡ ಸಂಗತಿ. ಎರಡನೆಯದಾಗಿ ನೆನಪಾಗುವುದು ನಾಡಕಚೇರಿ. ಕಳ್ಳಂಬೆಳ್ಳ ಶಿರಾ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. 2008ರ ಕ್ಷೇತ್ರ ಮರುವಿಂಗಡಣೆಯಾಗುವವರೆಗೆ ಅದು ವಿಧಾನಸಭೆಯ ಕ್ಷೇತ್ರವೂ ಆಗಿತ್ತು. ಆ ಗೌರವ ಹೋಯಿತು; ನಾಡಕಚೇರಿ ಉಳಿಯಿತು. ಸುತ್ತಣ ಹಳ್ಳಿಗಳವರು ಪಹಣಿಗೆ, ಜಾತಿ ಮತ್ತು ಆದಾಯದ ಪ್ರಮಾಣಪತ್ರಕ್ಕೆ, ವೃದ್ಧಾಪ್ಯ ವೇತನಕ್ಕೆ ಬಂದು ನಿಲ್ಲುವುದು ಅಂಥ ಕಚೇರಿಯ ಮುಂದೆಯೇ.

ಕೆರೆಗೂ ಕಚೇರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ನೀರುಗಂಟಿ ಎಂಬ ಒಬ್ಬ ಸೇವಕನಿರುತ್ತಿದ್ದ. ಕೆರೆಯ ತೂಬನ್ನು ಎತ್ತುವುದೂ ಇಳಿಸುವುದೂ ಅವನ ಕೆಲಸ. ನೀರು ಊರಿನದು, ಗದ್ದೆ ರೈತರದು, ಕೆರೆ ಅರಸರದು. ಅದಾಗ್ಯೂ ತೂಬಿನ ಮೇಲೆ ಕೈ ಇಡುವ ಅಧಿಕಾರ ಒಬ್ಬನಿಗೆ ಮಾತ್ರ. ಯಾವ ರಾತ್ರಿ ಯಾರ ಗದ್ದೆಗೆ ನೀರು ಹೆಚ್ಚಾಗಿ ಹರಿಯಿತೆಂಬ ಜಗಳವೆದ್ದರೆ ಊರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ತೂಬೆತ್ತಿದವರು ಯಾರು? ಇಂದಿನ ಕಚೇರಿಗಳಲ್ಲಿ ಗಣಕಯಂತ್ರದೊಳಗೆ ತುಂಬಿ ನಿಂತಿರುವ ಮಾಹಿತಿಯೂ ಅಂಥದೊಂದು ಕೆರೆ. ಅದರ ಭದ್ರತೆಯೆಂದೊಡನೆ ನಮ್ಮ ಕಣ್ಣಿಗೆ ಬರುವುದು ದೂರದೇಶದ ಕತ್ತಲ ಕೋಣೆಯಲ್ಲಿ ಕುಳಿತ ಗಣಕಚೋರ. ಅವನಿಲ್ಲವೆಂದಲ್ಲ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಅವನು ಏರಿ ಮುರಿದು ಬರುವುದಿಲ್ಲ. ಯಾರೋ ಎತ್ತಿಟ್ಟು ಮರೆತ ತೂಬಿನಿಂದ ಒಳಗೆ ಬರುತ್ತಾನೆ. ಆದುದರಿಂದ ಪ್ರಶ್ನೆ ಯಂತ್ರದ್ದಲ್ಲ, ನೌಕರನದು. ಅವನನ್ನು ಈ ಕಾವಲಿಗೆ ಒಲಿಸುವುದು ಹೇಗೆಂಬುದೇ ಈ ಬರಹದ ವಿಷಯ.

*

ಪಹಣಿಯೆಂಬ ಒಂದು ಹಾಳೆಯಲ್ಲಿ ಏನೇನಿದೆಯೆಂದು ಪಟ್ಟಣದಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ಪ್ರಾಯಶಃ ತಿಳಿದಿರಲಾರದು. ಅದರ ಪೂರ್ಣ ಹೆಸರು ಹಕ್ಕು, ಗೇಣಿ ಮತ್ತು ಪಹಣಿ ಪತ್ರಿಕೆ. ಸರ್ವೆ ನಂಬರು, ವಿಸ್ತೀರ್ಣ, ಮಣ್ಣಿನ ಬಗೆ, ಕಂದಾಯ, ಬೆಳೆ ಎಲ್ಲವೂ ಅದರಲ್ಲಿ ಕಲಂ ಕಲಮಾಗಿ ನಿಂತಿರುತ್ತವೆ. ರೈತನ ಕಣ್ಣು ಮೊದಲು ಹೋಗುವುದು ಒಂಬತ್ತನೆಯ ಕಲಮಿಗೆ. ಅಲ್ಲಿ ಅವನ ಹೆಸರಿದೆ. ಅನಂತರ ಹನ್ನೊಂದನೆಯದಕ್ಕೆ, ಅಲ್ಲಿ ಅವನ ಸಾಲವಿದೆ. ಹೊಲ ಭೌತಿಕವಾಗಿ ಊರ ಹೊರಗೆ ಇರಬಹುದು. ಕಾನೂನಿನ ಕಣ್ಣಿನಲ್ಲಿ ಅದು ಇರುವುದು ಈ ಹಾಳೆಯೊಳಗೆ. ಒಂಬತ್ತನೆಯ ಕಲಮಿನಲ್ಲಿ ಒಂದು ಹೆಸರು ಅಳಿಸಿ ಇನ್ನೊಂದು ಹೆಸರು ಬರೆದರೆ ಒಂದು ಕುಟುಂಬ ಬೆಳಗಾಗುವಷ್ಟರಲ್ಲಿ ನೆಲವಿಲ್ಲದ್ದಾಗಬಹುದು. ಅವರಿಗೆ ಅದು ತಿಳಿಯುವುದು ಬ್ಯಾಂಕಿನಲ್ಲಿ ಬೆಳೆಸಾಲ ಕೇಳಲು ಹೋದಾಗ, ಅಥವಾ ತಂದೆ ಸತ್ತ ಮೇಲೆ ಖಾತೆ ಬದಲಾವಣೆಗೆ ಅರ್ಜಿ ಹಾಕಿದಾಗ.

ಈ ಹಾಳೆಯ ಕಾವಲು ತಲೆತಲಾಂತರದಿಂದ ಶಾನುಭೋಗರ ಕೈಯಲ್ಲಿತ್ತು. ಇದ್ದಿಲು ಮತ್ತು ಹುಣಿಸೆಬೀಜದ ಅಂಟು ಬಳಿದ ಕಪ್ಪು ಬಟ್ಟೆಯ ಕಡತವನ್ನು ಬಿಚ್ಚಿ ಬಳಪದಿಂದ ಬರೆಯುತ್ತಿದ್ದ ಕಾಲದಿಂದ, ಕಾಗದದ ಪುಸ್ತಕಗಳಿಗೆ ಗೀಟು ಹಾಕುತ್ತಿದ್ದ ಕಾಲದವರೆಗೆ, ಊರಿನ ಲೆಕ್ಕ ಅವರ ಮನೆಯ ಪೆಟ್ಟಿಗೆಯಲ್ಲಿಯೇ ಇರುತ್ತಿತ್ತು. ಶಿರಾ ಸೀಮೆಯ ಮಟ್ಟಿಗೆ ಇದು ಸಣ್ಣ ಮಾತಲ್ಲ. 1687ರಲ್ಲಿ ಮೊಗಲರು ಶಿರಾವನ್ನು ಒಂದು ಸುಬಾದ ರಾಜಧಾನಿಯಾಗಿ ಮಾಡಿಕೊಂಡರು; ಅನಂತರ ಮರಾಠರು, ಹೈದರನ ಆಳ್ವಿಕೆ, ಮೈಸೂರಿನ ಅರಸರು, ಇಂಗ್ಲಿಷ್ ಕಮಿಷನರುಗಳು ಬಂದರು. ಸಿಂಹಾಸನದ ಮೇಲಿನ ಹೆಸರು ಬದಲಾದಂತೆಲ್ಲ ಹೊಲದ ಹೆಸರು ಬದಲಾಗದಂತೆ ಇರಿಸಿದುದು ಆ ಪೆಟ್ಟಿಗೆ. ಇರಿಸದೆ ಹೋದುದೂ ಆ ಪೆಟ್ಟಿಗೆಯೇ. ಶಾನುಭೋಗರ ಲೇಖನಿ ಒಂದೆರಡು ಗುಂಟೆಗಳನ್ನು ಅತ್ತಿತ್ತ ಸರಿಸಿದ ಕಥೆಗಳು ಯಾವ ಹಳ್ಳಿಯಲ್ಲಿ ತಾನೆ ಇಲ್ಲ?

ಭೈರಪ್ಪನವರು 1970ರಲ್ಲಿ ಪ್ರಕಟಿಸಿದ ‘ಗೃಹಭಂಗ’ವನ್ನು ಓದಿದವರಿಗೆ ನಂಜಮ್ಮನನ್ನು ನೆನಪಿಸಬೇಕಾಗಿಲ್ಲ. ಶಾನುಭೋಗಿಕೆ ಗಂಡನದು, ಲೆಕ್ಕ ಬರೆಯುವವಳು ಹೆಂಡತಿ. ಅವಳು ಲೆಕ್ಕ ಕಲಿತು ಅಚ್ಚುಕಟ್ಟಾಗಿ ಬರೆಯದಿದ್ದರೆ ಮನೆಯ ಅನ್ನವೂ ಇಲ್ಲ, ಊರಿನ ಲೆಕ್ಕವೂ ಇಲ್ಲ. ನಾವು ಆ ಕಾದಂಬರಿಯನ್ನು ಒಬ್ಬ ಹೆಂಗಸಿನ ಸಹನೆಯ ಕಥೆಯಾಗಿ ಓದುತ್ತೇವೆ, ಓದಬೇಕಾದುದೂ ಹಾಗೆಯೇ. ಆದರೆ ದಫ್ತರದ ದೃಷ್ಟಿಯಿಂದ ಒಮ್ಮೆ ನೋಡಿದರೆ ಅಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಬರೆದ ಕೈ ಒಂದು, ಅದಕ್ಕೆ ಹೊಣೆಯಾದ ಹೆಸರು ಇನ್ನೊಂದು. ನಂಜಮ್ಮನಂಥವಳು ಬರೆದಾಗ ಅದರಿಂದ ಊರಿಗೆ ಒಳ್ಳೆಯದೇ ಆಗುತ್ತದೆ. ಆದರೆ ಅದೇ ಬಾಗಿಲಿನಿಂದ ಬೇರೊಬ್ಬ ಒಳಬಂದು ಬರೆದರೆ ಯಾರನ್ನು ಕೇಳುವುದು? ಈ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಹಾಗೆಯೇ ಇಟ್ಟಿರೋಣ.

ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನು ಕೊನೆಗಾಣಿಸಿತು. 1963ರಲ್ಲಿ ಅದು ಜಾರಿಗೆ ಬಂತು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಪೆಟ್ಟಿಗೆಯ ಒಡೆಯ ಬದಲಾದ, ಪೆಟ್ಟಿಗೆ ಬದಲಾಗಲಿಲ್ಲ. ನಾಲ್ಕು ದಶಕಗಳ ಕಾಲ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಚೀಲಗಳಲ್ಲಿ ಕರ್ನಾಟಕದ ನೆಲವೆಲ್ಲ ಓಡಾಡಿಕೊಂಡಿತ್ತು.

ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಯಾರು ಬೇಕಾದರೂ ಪ್ರತಿ ಪಡೆಯುವಂತೆ ಮಾಡಲಾಯಿತು. ಕೈಬರಹದ ಪಹಣಿಗೆ ಮಾನ್ಯತೆಯಿಲ್ಲದಂತಾಯಿತು. ಜಗತ್ತಿನ ಅನೇಕ ದೇಶಗಳಿಂದ ಪಂಡಿತರು ಬಂದು ನೋಡಿ ಲೇಖನಗಳನ್ನು ಬರೆದರು. ಅವರಲ್ಲಿ ಹೆಚ್ಚಿನವರು ಕೊಂಡಾಡಿದುದು ಕಿಟಕಿಯನ್ನು. ನನಗೆ ಕುತೂಹಲಕರವಾಗಿ ಕಂಡುದು ಕಿಟಕಿಯ ಹಿಂದಿನ ಒಂದು ಚಿಕ್ಕ ಗಾಜಿನ ಫಲಕ. ದಾಖಲೆಯನ್ನು ತಿದ್ದಲು ಅಧಿಕಾರವುಳ್ಳ ನೌಕರ ತನ್ನ ಗುಪ್ತಪದವನ್ನಷ್ಟೇ ಒತ್ತಿದರೆ ಸಾಲದು. ಆ ಫಲಕದ ಮೇಲೆ ಬೆರಳನ್ನೂ ಇಡಬೇಕು. ಯಾರು, ಯಾವ ದಿನ, ಯಾವ ಗಳಿಗೆಯಲ್ಲಿ ತಿದ್ದಿದರೆಂಬುದು ಅಲ್ಲಿಯೇ ದಾಖಲಾಗುತ್ತದೆ. ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕೆಂಬುದೂ ಅದರ ಕಟ್ಟಳೆ.

ಇಲ್ಲಿ ಒಂದು ಚಂದದ ವಿಪರ್ಯಾಸವಿದೆ. ಹೆಬ್ಬೆಟ್ಟು ಎಂಬುದು ನಮ್ಮಲ್ಲಿ ಓದುಬರಹ ಬಾರದವನ ರುಜು. ‘ಹೆಬ್ಬೆಟ್ಟಿನವನು’ ಎಂದರೆ ಬೈಗುಳಕ್ಕೆ ಸಮಾನ. ಬಂಗಾಳದ ಜಂಗೀಪುರದಲ್ಲಿ 1858ರಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಸ್ತೆಯ ಜಲ್ಲಿಯ ಗುತ್ತಿಗೆ ಹಿಡಿದ ರಾಜ್ಯಧರ ಕೋನಾಯ್ ಎಂಬವನ ಅಂಗೈಗೆ ಮಸಿ ಬಳಿದು ಕರಾರುಪತ್ರದ ಬೆನ್ನಿಗೆ ಒತ್ತಿಸಿಕೊಂಡ. ಮುಂದೆ ಮಾತಿಗೆ ತಪ್ಪಬಾರದೆಂಬ ಹೆದರಿಕೆ ಹುಟ್ಟಿಸುವುದೇ ಅವನ ಉದ್ದೇಶವಾಗಿತ್ತು. ಅದರಿಂದ ಬೆಳೆದ ಶಾಸ್ತ್ರ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳ ಗುರುತಿನ ಕಚೇರಿಯಾಗಿ ನೆಲೆಗೊಂಡಿತು. ಅಲ್ಲಿ ಗುರುತುಗಳನ್ನು ವಿಂಗಡಿಸುವ ಗಣಿತವನ್ನು ಕಂಡುಹಿಡಿಯಲು ಶ್ರಮಿಸಿದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸರ ಹೆಸರುಗಳು ಮರೆಯಾಗಿ ಎಡ್ವರ್ಡ್ ಹೆನ್ರಿಯ ಹೆಸರು ನಿಂತಿತು ಎಂಬುದು ಬೇರೆ ಮಾತು. ಬರೆದ ಕೈ ಒಂದು, ನಿಂತ ಹೆಸರು ಇನ್ನೊಂದು ಎಂಬುದಕ್ಕೆ ಅದೂ ಒಂದು ಉದಾಹರಣೆ. ಆಳುವವನು ಆಳಿಸಿಕೊಳ್ಳುವವನನ್ನು ನಂಬದೆ ಹೂಡಿದ ಉಪಾಯ ಅದು. ನೂರೈವತ್ತು ವರ್ಷಗಳು ಕಳೆಯುವಷ್ಟರಲ್ಲಿ ಚಕ್ರ ತಿರುಗಿತು. ಹೊಲದ ರೈತ ಪೆನ್ನು ಹಿಡಿದು ರುಜು ಮಾಡುತ್ತಾನೆ; ಪದವೀಧರನಾದ ಅಧಿಕಾರಿ ಹೆಬ್ಬೆಟ್ಟು ಒತ್ತುತ್ತಾನೆ.

*

ಹಾಗಾದರೆ ಸಮಸ್ಯೆ ಬಗೆಹರಿಯಿತಲ್ಲ ಎನ್ನಬಹುದು. ಬಗೆಹರಿಯಲಿಲ್ಲ. ಬೆರಳು ಅಧಿಕಾರಿಯದು, ನಿಜ. ಆದರೆ ಬೆರಳಿಟ್ಟು ಬಾಗಿಲು ತೆರೆದ ಮೇಲೆ ಕುರ್ಚಿಯಲ್ಲಿ ಕುಳಿತವನು ಯಾರು? ಕಾಫಿಗೆಂದು ಎದ್ದುಹೋದವನ ಪರದೆ ತೆರೆದೇ ಇದ್ದರೆ ಆ ಹತ್ತು ನಿಮಿಷಗಳ ಕಾಲ ಪಕ್ಕದಲ್ಲಿದ್ದವನೇ ಅಧಿಕಾರಿ.

ಇದು ಹೊಸ ಕಾಲದ ಕಷ್ಟವೆಂದು ಯಾರೂ ತಿಳಿಯಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣ ಬರೆದ ‘ಮುದ್ರಾಮಂಜೂಷ’ವನ್ನು ಕನ್ನಡ ವಿದ್ಯಾರ್ಥಿಗಳು ಹೊಸಗನ್ನಡ ಗದ್ಯದ ಆರಂಭದ ಕೃತಿಯೆಂದು ಪರೀಕ್ಷೆಗೆ ಓದುತ್ತಾರೆ. ಅದಕ್ಕೆ ಮೂಲವಾದುದು ವಿಶಾಖದತ್ತನ ‘ಮುದ್ರಾರಾಕ್ಷಸ’ದ ಕಥೆ. ಕಚೇರಿಯ ನೌಕರರಿಗೆ ಮಾಹಿತಿ ಭದ್ರತೆಯ ಪಾಠ ಹೇಳಲು ಹೊರಡುವವರು ಆ ನಾಟಕವನ್ನೊಮ್ಮೆ ಓದಿದರೆ ಬೇರೆ ಕೈಪಿಡಿ ಬೇಕಾಗದು ಎಂಬುದು ನನ್ನ ಅಭಿಪ್ರಾಯ.

ಅಮಾತ್ಯ ರಾಕ್ಷಸ ಮೂರ್ಖನಲ್ಲ, ದ್ರೋಹಿಯಂತೂ ಅಲ್ಲ. ನಂದರಿಗೆ ಅವನಷ್ಟು ನಿಷ್ಠನಾದ ನೌಕರ ಇನ್ನೊಬ್ಬನಿರಲಿಲ್ಲ. ಪಾಟಲೀಪುತ್ರವನ್ನು ಬಿಟ್ಟು ಹೋಗುವಾಗ ವಿರಹವನ್ನು ಮರೆಯಲೆಂದು ಅವನ ಹೆಂಡತಿ ಅವನ ಮುದ್ರೆಯುಂಗುರವನ್ನು ತೆಗೆದುಕೊಂಡಳು. ಅವನು ಬೇಡವೆನ್ನಲಿಲ್ಲ, ಯಾವ ಗಂಡ ತಾನೆ ಅಂದಾನು? ಅವಳು ಅಡಗಿದ್ದ ಚಂದನದಾಸನ ಮನೆಗೆ ಯಮಪಟ ತೋರಿಸುವವನ ವೇಷದಲ್ಲಿ ಚಾಣಕ್ಯನ ಗೂಢಚಾರ ಬಂದ. ಪಟ ನೋಡಲು ಓಡಿಬಂದ ಮಗುವನ್ನು ಅವಳು ಬಾಗಿಲ ಮರೆಯಿಂದ ಕೈಚಾಚಿ ಹಿಂದಕ್ಕೆ ಎಳೆದುಕೊಂಡಾಗ, ಗಂಡಸಿನ ಬೆರಳಿಗೆ ಮಾಡಿಸಿದ ಸಡಿಲವಾದ ಆ ಉಂಗುರ ಜಾರಿ, ಉರುಳಿ, ಗೂಢಚಾರನ ಕಾಲಬುಡಕ್ಕೆ ಬಂದು ನಿಂತಿತು. ಉಳಿದುದನ್ನು ಚಾಣಕ್ಯ ನೋಡಿಕೊಂಡ. ರಾಕ್ಷಸನ ನಂಬಿಕೆಯ ಲಿಪಿಕಾರನಾದ ಶಕಟದಾಸನ ಕೈಯಲ್ಲಿಯೇ, ಅವನಿಗೆ ಉದ್ದೇಶ ತಿಳಿಯದಂತೆ, ಒಂದು ಓಲೆಯನ್ನು ಬರೆಯಿಸಿ ಅದಕ್ಕೆ ರಾಕ್ಷಸನ ಮುದ್ರೆಯನ್ನೊತ್ತಿದ. ಅಕ್ಷರ ನಿಜವಾದುದು, ಮುದ್ರೆ ನಿಜವಾದುದು, ಓಲೆ ಮಾತ್ರ ಸುಳ್ಳು.

ಇದಕ್ಕಿಂತ ಸೂಕ್ಷ್ಮವಾದುದು ಮುಂದೆ ಬರುತ್ತದೆ. ಕಳೆದುಹೋದ ಉಂಗುರ ಶತ್ರುವಿನ ಉಪಾಯದಿಂದಲೇ ರಾಕ್ಷಸನ ಕೈಗೆ ಮರಳಿ ಬಂದಾಗ ಅವನು ಮಾಡುವುದೇನು? ಇದು ಎಲ್ಲಿತ್ತು, ಯಾರ ಕೈಗಳನ್ನು ದಾಟಿ ಬಂತು ಎಂದು ಬುಡಮಟ್ಟ ಶೋಧಿಸುವುದಿಲ್ಲ. ಇನ್ನು ಮುಂದೆ ಇದರಿಂದಲೇ ನಿನ್ನ ಕೆಲಸ ನಡೆಸಿಕೋ ಎಂದು ಶಕಟದಾಸನ ಕೈಗೆ ಕೊಟ್ಟುಬಿಡುತ್ತಾನೆ. ಕೊನೆಗೆ ಆ ಓಲೆಯನ್ನು ಮಲಯಕೇತುವಿನ ಸಭೆಯಲ್ಲಿ ಹಿಡಿದಾಗ, ಇದು ನನ್ನದಲ್ಲ ಎಂದು ಹೇಳಲು ರಾಕ್ಷಸನಿಗೆ ನಾಲಗೆ ಇದೆ, ಸಾಕ್ಷಿ ಇಲ್ಲ. ಹೆಂಡತಿಗೆ ಪ್ರೀತಿಯಿಂದ, ಗೆಳೆಯನಿಗೆ ವಿಶ್ವಾಸದಿಂದ ಕೊಟ್ಟ ಮುದ್ರೆ ಅವನ ಸೈನ್ಯವನ್ನೂ ಮಾನವನ್ನೂ ಒಟ್ಟಿಗೆ ಮುಗಿಸಿತು.

ನಮ್ಮ ಕಚೇರಿಗಳಲ್ಲಿಯೂ ಗುಪ್ತಪದ ಹೆಚ್ಚಾಗಿ ಕೈದಾಟುವುದು ದ್ರೋಹದಿಂದಲ್ಲ, ಸ್ನೇಹದಿಂದ. ರಜದ ಮೇಲೆ ಹೋದವನು ಸಹೋದ್ಯೋಗಿಗೆ ಫೋನಿನಲ್ಲಿ ಹೇಳುತ್ತಾನೆ. ಮೇಲಧಿಕಾರಿಗೆ ಬಂದ ಓಟಿಪಿಯನ್ನು ಜೀಪಿನ ಚಾಲಕ ಓದಿ ತಿಳಿಸುತ್ತಾನೆ. ನಾನು ಕಂಡ ಒಂದು ಕಚೇರಿಯಲ್ಲಿ, ಯಾವುದೆಂದು ಹೇಳುವ ಅಗತ್ಯವಿಲ್ಲ, ಗುಮಾಸ್ತರ ಮೇಜಿನ ಗಾಜಿನ ಕೆಳಗೆ ಮನೆದೇವರ ಪಟವಿತ್ತು. ಪಟದ ಅಂಚಿನಲ್ಲಿ ಒಂದು ಚೀಟಿ. ಚೀಟಿಯಲ್ಲಿ ಆ ದೇವರ ಹೆಸರೇ ಇಂಗ್ಲಿಷಿನಲ್ಲಿ, ಕೊನೆಗೆ ಒಂದು ಎರಡು ಮೂರು. ನಾನು ನೋಡಿದುದನ್ನು ಕಂಡು ಅವರು, “ನೆನಪಿರೋದಿಲ್ಲ ಸ್ವಾಮಿ, ಇಂಥವು ನನಗೆ ಒಂಬತ್ತಿವೆ” ಎಂದರು. ಆ ಮನುಷ್ಯ ಸೋಮಾರಿಯಲ್ಲ. ಬಾಗಿಲು ತೆಗೆಯುವ ಮುನ್ನ ಬಂದು ಎಲ್ಲರೂ ಹೋದ ಮೇಲೆ ಹೋಗುವವರು.

*

ನೌಕರರನ್ನು ಈ ವಿಷಯದಲ್ಲಿ ದೂರುವ ಮುನ್ನ ಒಂದು ಹಳೆಯ ಘಟನೆಯನ್ನು ನೆನೆಯುವುದು ಮೇಲು. ಒಂದೇ ಗಣಕಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಯನ್ನು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಟೊ ಎಂಬ ವಿಜ್ಞಾನಿ 1961ರ ಸುಮಾರಿಗೆ ಕಟ್ಟಿದಾಗ, ಒಬ್ಬರ ಕಾಗದಗಳು ಇನ್ನೊಬ್ಬರ ಕಣ್ಣಿಗೆ ಬೀಳದಿರಲೆಂದು ಪ್ರತಿಯೊಬ್ಬರಿಗೂ ಒಂದು ಗುಪ್ತಪದವನ್ನು ಗೊತ್ತುಮಾಡಿದ. ಒಂದು ವರ್ಷ ತುಂಬುವಷ್ಟರಲ್ಲಿ ಅದು ಕಳವಾಯಿತು. ಕದ್ದವನು ಹೊರಗಿನವನಲ್ಲ, ಅಲನ್ ಶೆರ್ ಎಂಬ ಅಲ್ಲಿಯದೇ ಸಂಶೋಧಕ. ಅವನಿಗೆ ಯಂತ್ರದ ಮೇಲೆ ವಾರಕ್ಕೆ ದೊರೆಯುತ್ತಿದ್ದುದು ನಾಲ್ಕೇ ಗಂಟೆಗಳ ಕಾಲ. ಸಂಶೋಧನೆಗೆ ಅದು ಸಾಲದು. 1962ರಲ್ಲಿ ಅವನು ರಂಧ್ರ ಕೊರೆದ ಒಂದು ಕಾರ್ಡಿನ ಮೂಲಕ ಯಂತ್ರಕ್ಕೆ ಆಜ್ಞೆ ಕೊಟ್ಟು ಎಲ್ಲರ ಗುಪ್ತಪದಗಳ ಪಟ್ಟಿಯನ್ನೂ ಅಚ್ಚು ಹಾಕಿಸಿಕೊಂಡ; ಅನ್ಯರ ಹೆಸರಿನಲ್ಲಿ ಕುಳಿತು ತನ್ನ ಕೆಲಸ ಮುಂದುವರಿಸಿದ. ಗುಪ್ತಪದದ ಚರಿತ್ರೆಯ ಮೊದಲ ಕಳ್ಳ ಹೆಚ್ಚು ಕೆಲಸ ಮಾಡಬೇಕೆಂಬ ಆಸೆಯಿಂದ ಕಳ್ಳನಾದ! ಕಟ್ಟಳೆ ಕೆಲಸಕ್ಕೆ ಅಡ್ಡ ಬಂದರೆ ಒಳ್ಳೆಯ ನೌಕರನೇ ಮೊದಲು ಕಟ್ಟಳೆಯನ್ನು ಮುರಿಯುತ್ತಾನೆಂಬುದನ್ನು ಆ ಕಾರ್ಡು ಅಂದೇ ತೋರಿಸಿಕೊಟ್ಟಿತ್ತು.

ನಾವು ಅದನ್ನು ಕಲಿತುಕೊಂಡೆವೆ? ಅಮೆರಿಕದ ಮಾನಕ ಸಂಸ್ಥೆಯ ಬಿಲ್ ಬರ್ ಎಂಬ ಅಧಿಕಾರಿ 2003ರಲ್ಲಿ ಒಂದು ಮಾರ್ಗಸೂಚಿಯನ್ನು ಬರೆದ. ಗುಪ್ತಪದದಲ್ಲಿ ದೊಡ್ಡಕ್ಷರ, ಅಂಕಿ, ಚಿಹ್ನೆಗಳು ಬೆರೆತಿರಬೇಕು, ಆಗಾಗ್ಗೆ ಬದಲಾಯಿಸುತ್ತಿರಬೇಕು ಎಂಬ, ಇಂದು ಎಲ್ಲ ಕಚೇರಿಗಳಲ್ಲಿಯೂ ಜಪದಂತೆ ಕೇಳಿಬರುವ ನಿಯಮಗಳು ಹಬ್ಬಿದುದು ಅದರಿಂದ. 2017ರಲ್ಲಿ, ನಿವೃತ್ತನಾದ ಮೇಲೆ, ತಾನು ಬರೆದುದರಲ್ಲಿ ಬಹುಭಾಗಕ್ಕಾಗಿ ಈಗ ವಿಷಾದಪಡುತ್ತೇನೆಂದು ಆತನೇ ಒಪ್ಪಿಕೊಂಡ. ಜನ ಹೊಸ ಪದವನ್ನು ಕಟ್ಟಲಿಲ್ಲ. ಕೊನೆಯ ಒಂದನ್ನು ಎರಡು ಮಾಡಿದರು, ಚೀಟಿಯಲ್ಲಿ ಬರೆದಿಟ್ಟರು. ಅದೇ ವರ್ಷ ಅದೇ ಸಂಸ್ಥೆ ತನ್ನ ಸೂಚನೆಯನ್ನು ತಿದ್ದಿಕೊಂಡು, ಕಳುವಾದ ಸಂಶಯವಿಲ್ಲದೆ ಸುಮ್ಮನೆ ಬದಲಾಯಿಸಿರೆಂದು ಪೀಡಿಸಬೇಡಿ, ಚಿಹ್ನೆಗಳ ಕಸರತ್ತಿಗಿಂತ ಉದ್ದವಾದ ಪದ ಲೇಸು ಎಂದಿತು. ತನ್ನ ತಪ್ಪನ್ನು ಹೀಗೆ ಬಹಿರಂಗವಾಗಿ ಒಪ್ಪಿಕೊಂಡ ಅಧಿಕಾರಿ ಯಾವ ದೇಶದಲ್ಲಿಯೂ ಅಪರೂಪವೇ. ನಮ್ಮ ಅನೇಕ ಕಚೇರಿಗಳಿಗೆ ಆ ತಿದ್ದುಪಡಿ ಇನ್ನೂ ತಲುಪಿಲ್ಲ.

2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು, ಎಂದರೆ ಹಿಂದಿನ ಗ್ರಾಮಲೆಕ್ಕಿಗರು, ಮುಷ್ಕರ ಹೂಡಿದಾಗ ಅವರ ದೂರುಗಳಲ್ಲಿ ಮುಖ್ಯವಾದುದು ಏನೆಂಬುದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ನೆನಪಿರಬಹುದು. ಒಂದು ಡಜನ್ನಿಗೂ ಮಿಕ್ಕ ಮೊಬೈಲ್ ಆ್ಯಪ್‌ಗಳಲ್ಲಿ ಕೆಲಸ ಮಾಡಬೇಕು. ಅದಕ್ಕೆ ತಕ್ಕ ಸಲಕರಣೆಗಳಿಲ್ಲ, ಕೂರಲು ಸರಿಯಾದ ಕಚೇರಿಯಿಲ್ಲ. 2025ರ ಫೆಬ್ರುವರಿಯಲ್ಲಿ ಅವರು ಮತ್ತೆ ಮುಷ್ಕರಕ್ಕಿಳಿದರು. ಅವರ ಬೇಡಿಕೆಗಳೆಲ್ಲ ನ್ಯಾಯವೋ ಅಲ್ಲವೋ ನಾನು ಹೇಳಲಾರೆ. ಆದರೆ ಇಲಾಖೆ ಕೊಟ್ಟ ಯಂತ್ರವಿಲ್ಲದೆ ತನ್ನ ಮಗನ ಆಟದ ಫೋನಿನಲ್ಲಿಯೇ ಸರ್ಕಾರದ ಕೆಲಸ ಮಾಡುವ ನೌಕರನಿಗೆ ಮಾಹಿತಿಯನ್ನು ಭದ್ರವಾಗಿಡು ಎಂದು ಸುತ್ತೋಲೆ ಕಳುಹಿಸಿದರೆ ಅದು ಬೀಗ ಕೊಡದೆ ಬಾಗಿಲು ಹಾಕಿಕೋ ಎಂದಂತೆ. ಸುರಕ್ಷತೆಯ ಮೊದಲ ಉತ್ತೇಜನ ಭಾಷಣವಲ್ಲ, ಸಲಕರಣೆ.

*

ವಿದ್ಯಾರ್ಥಿಗಳೂ ಉಪಾಧ್ಯಾಯರೂ ಹೆಚ್ಚಾಗಿ ಓದುವ ಈ ಪುಟದಲ್ಲಿ 2016ರ ಮಾರ್ಚನ್ನು ನೆನೆಯದಿರುವುದು ಹೇಗೆ? ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದ ಪರೀಕ್ಷೆ ಮಾರ್ಚ್ 21ರಂದು ನಡೆಯಿತು; ಪ್ರಶ್ನೆಪತ್ರಿಕೆ ಮೊದಲೇ ಸೋರಿತ್ತೆಂದು ತಿಳಿದು ಅದನ್ನು ರದ್ದುಮಾಡಲಾಯಿತು. ಮಾರ್ಚ್ 31ಕ್ಕೆ ಮರುಪರೀಕ್ಷೆಯೆಂದು ಗೊತ್ತುಮಾಡಿದರು. ಆ ಪತ್ರಿಕೆಯೂ ಸೋರಿತು. ಕೊನೆಗೆ ಏಪ್ರಿಲ್ 12ರಂದು ಪರೀಕ್ಷೆ ಮುಗಿಯಿತು. ಒಂದೂವರೆ ಲಕ್ಷಕ್ಕೂ ಮಿಕ್ಕ ಮಕ್ಕಳು ಒಂದೇ ವಿಷಯವನ್ನು ಮೂರು ಸಲ ಓದಿಕೊಂಡು ಕಾದರು. ಅನಂತರ ಪತ್ರಿಕೆಗಳಿರುವ ಖಜಾನೆಗಳಿಗೆ ಕ್ಯಾಮೆರಾಗಳ ಕಣ್ಗಾವಲು ಬಂತು, ಸಾಗಾಟದ ಕ್ರಮ ಬಿಗಿಯಾಯಿತು. ಬರಬೇಕಾದುದೇ. ಆದರೆ ಆ ವಸಂತದಲ್ಲಿ ಸೋರಿದುದಕ್ಕೆ ಗಣಕವಿದ್ಯೆಯೇನೂ ಬೇಕಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಒಂದು ಲಕೋಟೆ, ಒಂದು ಕೈ, ಅನಂತರ ವಾಟ್ಸ್‌ಆ್ಯಪ್.

ಇದಕ್ಕೆ ವಿರುದ್ಧವಾಗಿ ಯಾರ ಕೈಯೂ ಕೆಟ್ಟದ್ದಲ್ಲದೆ ಅನಾಹುತವಾದ ಕಥೆ ನೆರೆಯ ಬಾಂಗ್ಲಾದೇಶದ್ದು. 2016ರ ಫೆಬ್ರುವರಿಯಲ್ಲಿ ಅಲ್ಲಿಯ ಕೇಂದ್ರ ಬ್ಯಾಂಕಿನ ಖಾತೆಯಿಂದ 8 ಕೋಟಿ 10 ಲಕ್ಷ ಡಾಲರುಗಳು ಕಳವಾದವು. ಕಳ್ಳರು ಬಯಸಿದುದು ಸುಮಾರು 95 ಕೋಟಿ. ಒಳಹೊಕ್ಕ ದಾರಿ, ಉದ್ಯೋಗ ಬೇಡುವವನ ಅರ್ಜಿಯ ವೇಷದಲ್ಲಿ ಬಂದ ಇ-ಮೇಲ್. ಉದ್ಯೋಗ ಬೇಡಿ ಬಂದ ಅರ್ಜಿಯನ್ನು ತೆರೆದು ನೋಡುವುದು ತಪ್ಪೆಂದು ಯಾರು ಹೇಳಿಯಾರು? ಕಳವಾದ ಮಾರನೆಯ ದಿನ, ಹಣದ ಆಜ್ಞೆಗಳನ್ನು ತಾನಾಗಿ ಅಚ್ಚು ಹಾಕಬೇಕಾಗಿದ್ದ ಮುದ್ರಣಯಂತ್ರ ಸುಮ್ಮನೆ ನಿಂತಿತ್ತು. ಹಾಳು ಯಂತ್ರ, ಹಿಂದೆಯೂ ಹೀಗೆ ಕೆಟ್ಟಿತ್ತು ಎಂದುಕೊಂಡರು. ಅದು ಕೆಟ್ಟಿರಲಿಲ್ಲ, ಬಾಯಿ ಕಟ್ಟಿಸಿದ್ದರು. ಇನ್ನೂ 2 ಕೋಟಿ ಡಾಲರು ಉಳಿದುದು, ಶ್ರೀಲಂಕಾದ ಸಂಸ್ಥೆಯೊಂದಕ್ಕೆ ಹೊರಟ ಆಜ್ಞೆಯಲ್ಲಿ ‘ಫೌಂಡೇಶನ್’ ಎಂಬ ಪದದ ಕಾಗುಣಿತ ತಪ್ಪಿದ್ದುದರಿಂದ. ಯಾರೋ ಒಬ್ಬರು ಅದನ್ನು ಕಂಡು ನಿಲ್ಲಿಸಿ ಕೇಳಿದರು. ಭಾಷೆಯ ಉಪಾಧ್ಯಾಯರು ಇದನ್ನು ತರಗತಿಯಲ್ಲಿ ಹೇಳಿದರೆ ಕಾಗುಣಿತದ ಮೇಲೆ ಮಕ್ಕಳಿಗೆ ಗೌರವ ಬಂದೀತು.

ಹೀಗೆ ನಿಲ್ಲಿಸಿ ಕೇಳುವ ಧೈರ್ಯ ನೌಕರನಿಗೆ ಎಲ್ಲಿಂದ ಬರಬೇಕು? ನನಗೆ ಕಾಣುವಂತೆ ಎಲ್ಲ ಸುತ್ತೋಲೆಗಳಿಗಿಂತ ಮುಖ್ಯವಾದ ಪ್ರಶ್ನೆ ಇದೇ. ನಮ್ಮ ಕಚೇರಿಗಳ ವಾಡಿಕೆ ಬೇರೆ. ಮೇಲಿನವರು ಹೇಳಿದರೆಂದಮೇಲೆ ಮುಗಿಯಿತು. ಸಾಹೇಬರ ಹೆಸರು, ಸಾಹೇಬರ ಭಾವಚಿತ್ರ ಇಟ್ಟುಕೊಂಡು ಬಂದ ಸಂದೇಶ “ಮೀಟಿಂಗಿನಲ್ಲಿದ್ದೇನೆ, ಕೂಡಲೇ ಈ ಖಾತೆಗೆ ಹಣ ಕಳುಹಿಸು” ಎಂದರೆ, ಸಾಹೇಬರಿಗೆ ಮರುಕರೆ ಮಾಡಿ “ತಾವೇ ಕಳುಹಿಸಿದ್ದೋ ಸಾರ್?” ಎಂದು ಕೇಳುವ ಎದೆ ಎಷ್ಟು ಜನರಿಗಿದೆ? ವಂಚಕ ಬಳಸಿಕೊಳ್ಳುವುದು ಯಂತ್ರದ ದೋಷವನ್ನಲ್ಲ, ನಮ್ಮ ವಿನಯವನ್ನು. ಆದುದರಿಂದ ಒಬ್ಬ ಮೇಲಧಿಕಾರಿ ತನ್ನ ಕೈಕೆಳಗಿನವರನ್ನು ಎಚ್ಚರಿಕೆಗೆ ಒಲಿಸಬೇಕೆಂದಿದ್ದರೆ, ತನ್ನನ್ನು ಪ್ರಶ್ನಿಸಿದವನನ್ನು ಮೊದಲ ದಿನವೇ ಎಲ್ಲರೆದುರಿಗೆ ಮೆಚ್ಚಬೇಕು. ತನ್ನ ಓಟಿಪಿಯನ್ನು ಚಾಲಕನಿಂದ ಓದಿಸುವುದನ್ನೂ ಅಂದೇ ನಿಲ್ಲಿಸಬೇಕು.

ಇನ್ನೊಂದು, ತಪ್ಪನ್ನು ಹೇಳಿಕೊಳ್ಳುವ ಬಗೆ. ಸಂಶಯದ ಕೊಂಡಿಯನ್ನು ಒತ್ತಿಬಿಟ್ಟ ನೌಕರ ಆ ಗಳಿಗೆಯಲ್ಲಿಯೇ ಹೇಳಿದರೆ ಯಂತ್ರದ ತಂತಿ ಕಿತ್ತು ಕಚೇರಿಯನ್ನು ಉಳಿಸಬಹುದು. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ ದಾರಿಯಲ್ಲಿಯೇ ತಡೆಯಲು ಯತ್ನಿಸಬಹುದು. ಇಂಥ ಘಟನೆಗಳನ್ನು ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರಲ್ಲಿ ಸಂಸ್ಥೆಗಳಿಗೆ ವಿಧಿಸಿತು. ವ್ಯಕ್ತಿಗಳ ಮಾಹಿತಿಯನ್ನು ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡವೆಂದು 2023ರ ಕಾನೂನು ಹೇಳಿತು. ಆದರೆ ಹೇಳಿಕೊಂಡವನಿಗೆ ಮೆಮೋ, ಮುಚ್ಚಿಟ್ಟವನಿಗೆ ಏನೂ ಇಲ್ಲ ಎಂಬುದು ಕಚೇರಿಯ ರೂಢಿಯಾದರೆ ಆರು ಗಂಟೆಗಳಲ್ಲ, ಆರು ತಿಂಗಳು ಕಳೆದರೂ ವಿಷಯ ಹೊರಬೀಳದು. ಉದ್ದೇಶಪೂರ್ವಕವಾಗಿ ಮಾರಿಕೊಂಡವನನ್ನು ಶಿಕ್ಷಿಸಬೇಕು, ಕಠಿಣವಾಗಿಯೇ. ಎಡವಿದವನನ್ನು ಅದೇ ತಕ್ಕಡಿಯಲ್ಲಿ ತೂಗಬಾರದು.

ಬೆರಳ ಗುರುತಿನ ಮಾತು ಮುಗಿಯಲಿಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲಿಯೇ, ನೋಂದಣಿಯಾದ ಕ್ರಯಪತ್ರಗಳ ಪ್ರತಿಗಳಿಂದ ಜನರ ಬೆರಳ ಗುರುತುಗಳನ್ನೂ ಆಧಾರ್ ಅಂಕಿಗಳನ್ನೂ ತೆಗೆದು, ನಕಲಿ ಅಚ್ಚುಗಳನ್ನು ಮಾಡಿ, ಅವರ ಬ್ಯಾಂಕು ಖಾತೆಗಳಿಂದ ಹಣ ಎಳೆದ ಪ್ರಕರಣಗಳು ಬೆಳಕಿಗೆ ಬಂದವು. ಹೊಲ ಮಾರಿದವನೂ ಕೊಂಡವನೂ ಕಾನೂನಿನಂತೆ ಒತ್ತಿದ ಬೆರಳುಗಳು ಅವು. ಗುಪ್ತಪದ ಕಳುವಾದರೆ ಬೇರೆ ಮಾಡಿಕೊಳ್ಳಬಹುದು; ಹೆಬ್ಬೆರಳನ್ನು ಎಲ್ಲಿಂದ ತರುವುದು? ಅನಂತರ ಗುರುತುಗಳನ್ನು ಮರೆಮಾಡುವ ಕ್ರಮಗಳಾದವು. ಬಳಸದಿರುವಾಗ ಆಧಾರ್‌ನ ಬೆರಳ ಗುರುತಿಗೆ ಬೀಗ ಹಾಕಿಕೊಳ್ಳುವ ಅನುಕೂಲವೂ ಇದೆ. ಕಾಗದವನ್ನು ಕಾಯುವ ಗುಮಾಸ್ತ ಕಾಯುತ್ತಿರುವುದು ಕಾಗದವನ್ನಲ್ಲ ಎಂದು ತೋರಿಸಲು ಇದಕ್ಕಿಂತ ನೇರವಾದ ನಿದರ್ಶನ ನನಗೆ ತಿಳಿದಿಲ್ಲ. ನೌಕರರ ತರಬೇತಿಯಲ್ಲಿ ವೈರಸ್ಸುಗಳ ವಿಚಿತ್ರ ಹೆಸರುಗಳನ್ನು ಬಾಯಿಪಾಠ ಮಾಡಿಸುವುದರ ಬದಲು, ಹಣ ಕಳೆದುಕೊಂಡ ಒಬ್ಬ ರೈತನನ್ನು ಕರೆಸಿ ಅರ್ಧ ಗಂಟೆ ಮಾತನಾಡಿಸಬೇಕು.

*

ಕೆಲವು ತಿಂಗಳುಗಳ ಹಿಂದೆ ಕಳ್ಳಂಬೆಳ್ಳದ ಕೆರೆ ಏರಿಯನ್ನು ನೋಡಿಕೊಂಡು ಬರುವಾಗ, ರಸ್ತೆಯ ಬದಿಯ ಮರದ ನೆರಳಿನಲ್ಲಿ ಒಬ್ಬ ವೃದ್ಧೆ ಕುಳಿತಿದ್ದರು. ಕೈಯಲ್ಲಿ ಆಗ ತಾನೆ ತಂದ ಪಹಣಿ. ಪಕ್ಕದಲ್ಲಿ ಶಾಲೆಯ ಸಮವಸ್ತ್ರದ ಮೊಮ್ಮಗಳು.

“ಎಲ್ಲೈತೆ ನೋಡವ್ವಾ, ಒಂಬತ್ತನೇದ್ರಾಗೆ?” ಎಂದು ಅಜ್ಜಿ ಕೇಳಿದರು.

ಹುಡುಗಿ ಬೆರಳಿಟ್ಟು ತೋರಿಸಿ ಹೆಸರನ್ನು ಓದಿದಳು. ಅಜ್ಜಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ತಮ್ಮ ಗಂಡನ ಹೆಸರೂ ಅದರ ಪಕ್ಕದಲ್ಲಿದೆಯೇ ಎಂದು ಇನ್ನೊಮ್ಮೆ ಓದಿಸಿದರು. ಅನಂತರ ಹಾಳೆಯನ್ನು ನಾಲ್ಕಾಗಿ ಮಡಚಿ, ಎಲೆಯಡಿಕೆಯ ಚೀಲದ ಒಳಜೇಬಿಗೆ ಸೇರಿಸಿ, ದಾರವನ್ನು ಎರಡು ಸುತ್ತು ಬಿಗಿದು, ಬಸ್ಸು ಬಂತೇ ಎಂದು ಶಿರಾದ ಕಡೆಗೆ ನೋಡಿದರು.